ಕೆಂಗೇರಿಯಿಂದ ತಂದ ಗರಗಸ

‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ಬಿಟ್ಟರೆ ಮಿಕ್ಕ ಎಲ್ಲ ಮಾತುಗಳೂ ರಾಜೇಂದ್ರನ ಬಾಯಲ್ಲಿ ಸಲೀಸಾಗಿ ಬರುತ್ತಿದ್ದವು. ಆ ಒಂದು ಮಾತು ಬರಬೇಕಾದ ಜಾಗದಲ್ಲಿ ಅವನ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಮೇಲಧಿಕಾರಿ ಅರ್ಥವಾಗದ ಸುತ್ತೋಲೆ ಓದಿದರೂ ಆಡುತ್ತಿತ್ತು, ಯಾರೋ ಮಲಯಾಳದಲ್ಲಿ ದಾರಿ ಕೇಳಿದರೂ ಆಡುತ್ತಿತ್ತು. ವಿಜಯನಗರದ ಒಂದು ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ಅವನು ಗುಮಾಸ್ತ. ಆ ತಲೆಯಾಡಿಸುವಿಕೆಯ ಬಲದಿಂದಲೇ ತಿಳಿವಳಿಕಸ್ಥನೆಂದು ಹೆಸರು ಪಡೆದು, ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಮನೆಯಲ್ಲಿ, ಹೆಂಡತಿ ಕಲಾಳೊಂದಿಗೆ ನೆಮ್ಮದಿಯಾಗಿದ್ದ. ಒಬ್ಬಳೇ ಮಗಳು ಓದಲು ಧಾರವಾಡದ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು.

ಗರಗಸದ ಹುಚ್ಚು ಹತ್ತಿದ್ದೂ ತಲೆಯಾಡಿಸಿಯೇ. ಕೆಟ್ಟ ಮಿಕ್ಸಿ ಹಾಕಲು ಕಾಮಾಕ್ಷಿಪಾಳ್ಯದ ಗುಜರಿ ಅಂಗಡಿಗೆ ಹೋಗಿದ್ದ. ಅಲ್ಲಿ ಕಬ್ಬಿಣದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಕನ್ನಡಕದ ಯುವಕನೊಬ್ಬ ತುಕ್ಕು ಹಿಡಿದ ಕೈಗರಗಸವೊಂದನ್ನು ಎತ್ತಿ ತೋರಿಸಿ, “ಹಿಡಿ ಮೇಲೆ ಗೋಧಿ ತೆನೆ ಕೆತ್ತಿದಾರೆ ನೋಡಿ ಸಾರ್. ಈಗ ಯಾರು ಮಾಡ್ತಾರೆ ಇದನ್ನೆಲ್ಲ,” ಅಂದ. ರಾಜೇಂದ್ರನ ತಲೆ ಆಡಿತು. ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವನು ಗರಗಸವನ್ನು ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಅಲಗಿನ ಉದ್ದಕ್ಕೂ ದಿಟ್ಟಿಸಿ, “ಹೂಂ” ಅಂದ. ಯಾಕೆ ಹಾಗೆ ಮಾಡಿದನೆಂದು ಅವನಿಗೇ ಇವತ್ತಿನವರೆಗೂ ತಿಳಿದಿಲ್ಲ.

“ಓ, ನೀವೂ ನಮ್ಮೋರೇನಾ,” ಎಂದು ಆ ಯುವಕ ಎದ್ದು ಕೈ ಕುಲುಕಿದ. ಅವನ ಹೆಸರು ಸುಘೋಷ್. ಬ್ಯಾಂಕಿನಲ್ಲಿ ಕೆಲಸ, ಹಳೆಯ ಗರಗಸಗಳನ್ನು ಹುಡುಕಿ ತಂದು, ಯಾವ ಊರಿನದು, ಯಾವ ಕಾಲದ್ದು ಎಂದು ಪತ್ತೆ ಹಚ್ಚಿ, ಮತ್ತೆ ಮರ ಕೊಯ್ಯುವ ಹಾಗೆ ಮಾಡುವುದು ಅವನ ಹವ್ಯಾಸ. ತನ್ನವರೊಬ್ಬರು ಸಿಕ್ಕಿದ ಸಂತೋಷದಲ್ಲಿ ಅವನು ಆ ಗರಗಸವನ್ನು ರಾಜೇಂದ್ರನಿಗೇ ಬಿಟ್ಟುಕೊಟ್ಟ. ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ರಾಜೇಂದ್ರ ಅದನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಬಂದು, ಕಲಾಗೆ ಕಾಣದಂತೆ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟ.

ಮಾಡಿದ ಜಂಬಕ್ಕೆ ಬೆಲೆ ತೆರಬೇಕಲ್ಲ. ಸುಘೋಷ್ ದಿನಾ ಫೋನ್ ಮಾಡಿ “ಎಲ್ಲಿಗೆ ಬಂತು ಸಾರ್” ಎಂದು ಕೇಳುವವನು. ಹಾಗಾಗಿ ರಾಜೇಂದ್ರ ಸಂಜೆ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ತಾರಸಿ ಹತ್ತಿ, ಅವನು ಹೇಳಿದಂತೆ ಹುಣಸೇಹುಳಿ ಹಚ್ಚಿ, ಮರಳು ಕಾಗದದಲ್ಲಿ ಉಜ್ಜಲು ಶುರುಮಾಡಿದ. ಮೊದಲು ಕೆಂಪು ರಾಡಿ ಇಳಿಯಿತು. ಆಮೇಲೆ ಕಪ್ಪು. ಆಮೇಲೆ ಒಂದು ಸಂಜೆ ಬೆರಳಗಲ ಜಾಗದಲ್ಲಿ ಉಕ್ಕು ಬೆಳ್ಳಗೆ ಕಂಡು, ಅದರ ಮೇಲೆ ಮಸುಕು ಮಸುಕಾಗಿ ಎರಡು ಇಂಗ್ಲಿಷ್ ಅಕ್ಷರ ಮೂಡಿದವು. ಬೆರಳಿನ ಗೆಣ್ಣಿನಿಂದ ಅಲಗನ್ನು ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಎಳೆದು ಎಳೆದು ಹಾಡಿತು. ಯಾವನೋ ಕಾಣದ ದೇಶದವನು, ಕಾಣದವರಿಗಾಗಿ ಇಷ್ಟು ಮುತುವರ್ಜಿಯಿಂದ ಮಾಡಿಟ್ಟಿದ್ದಾನಲ್ಲ ಎಂದುಕೊಂಡು ರಾಜೇಂದ್ರ ಅಲಗನ್ನು ಇನ್ನೊಮ್ಮೆ ತಟ್ಟಿ ಕೇಳಿದ. ಅಲ್ಲಿಂದ ಮುಂದೆ ಅವನು ನಟಿಸಬೇಕಾಗಲಿಲ್ಲ. ಹುಚ್ಚು ನಿಜವಾಗಿಯೇ ಹತ್ತಿತ್ತು.

ಎರಡನೇ ಗರಗಸ ಅವನ ಕಣ್ಣಿಗೆ ಬಿದ್ದದ್ದು ಕೆಂಗೇರಿಯಲ್ಲಿ. ಸಂಘದ ಕೆಲಸಕ್ಕೆ ಹೋದಾಗ ಗುರುಸಿದ್ದಯ್ಯ ಎಂಬುವರ ಹಳೆಯ ಮರದ ಡಿಪೋ ಕೆಡವುತ್ತಿದ್ದರು. ಅದರ ಶೆಡ್ಡಿನ ಮೂಲೆಯಲ್ಲಿ, ಗೋಡೆಗೆ ಒರಗಿಕೊಂಡು, ಅದು ನಿಂತಿತ್ತು. ಭಾನುವಾರ ಬಂದು ತೆಗೆದುಕೊಂಡು ಹೋಗಿ ಎಂದು ಗುರುಸಿದ್ದಯ್ಯ ಹೇಳಿದ್ದರು. ಆ ಖುಷಿಯನ್ನು ಸುಘೋಷನಿಗೆ ತಿಳಿಸಲು ರಾಜೇಂದ್ರ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡಿದ. ಕಲಾ ಒಳಗಿದ್ದಳೆಂದು ‘ಗರಗಸ’ ಎಂಬ ಪದವನ್ನು ಮಾತ್ರ ಎಚ್ಚರಿಕೆಯಿಂದ ನುಂಗಿಕೊಂಡ. ಅದೇ ಹೊತ್ತಿಗೆ ಸರಿಯಾಗಿ ಬಾಲ್ಕನಿಯ ಕೆಳಗೆ, ನೆಲಮಹಡಿಯ ಪಟಾಲಮ್ಮನವರು ಕರಿಬೇವು ಕೀಳುತ್ತಿದ್ದರು. ಪಟಾಲಮ್ಮನವರು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ನೂರು ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಪಿಸುಮಾತು ಹಿಡಿದ ಕಿವಿ ಅವರದು.

“ಕೆಂಗೇರೀಲಿ,” ಅನ್ನುತ್ತಿದ್ದ ರಾಜೇಂದ್ರ. “ಒಂದು ಶೆಡ್ಡಿನ ಮೂಲೇಲಿ ಬಿಟ್ಬಿಟ್ಟಿದಾರೆ ಪಾಪ. ಕೇಳೋರಿಲ್ಲ, ಮುಟ್ಟೋರಿಲ್ಲ.”

ಕರಿಬೇವು ಕೀಳುವ ಕೈ ನಿಂತಿತು.

“ವಯಸ್ಸಾ? ನೂರರ ಹತ್ರ ಇರ್ಬೇಕು. ಹಲ್ಲೆಲ್ಲ ಇವೆ. ಎರಡು ಮೂರು ಮುರಿದಿವೆ ಅಷ್ಟೆ. ಬೆನ್ನು ನೆಟ್ಟಗಿದೆ. ಮೈಮೇಲೆ ಕಲೆ ಜಾಸ್ತಿ, ಕೈ ಸ್ವಲ್ಪ ಅಲ್ಲಾಡುತ್ತೆ... ಹೂಂ, ಭಾನುವಾರ ಮನೆಗೆ ತಂದು, ಚೆನ್ನಾಗಿ ತೊಳೆದು, ಎಣ್ಣೆ ಹಚ್ಚಿ, ಒಂದು ಜಾಗ ಮಾಡ್ಕೊಡ್ತೀನಿ. ಕಲಾಗೆ ಇನ್ನೂ ಹೇಳಿಲ್ಲ.”

ಪಟಾಲಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶೆಡ್ಡಿನಲ್ಲಿ ಬಿಟ್ಟ ನೂರು ವರ್ಷದ ಮುದುಕಿಯನ್ನು ಮನೆಗೆ ತಂದು ಎಣ್ಣೆ ನೀರು ಹಾಕುವ ಗಂಡಸು ತಾವು ಇದ್ದ ಕಟ್ಟಡದಲ್ಲೇ ಇದ್ದಾನೆ. ಅಂಥವನನ್ನು ಇಷ್ಟು ವರ್ಷ ಸ್ಕೂಟರ್ ಅಡ್ಡ ನಿಲ್ಲಿಸುತ್ತಾನೆಂದು ಬೈದುಕೊಂಡಿದ್ದರು. ಅವನು ಆಫೀಸಿಗೆ ಹೊರಟ ಬೆನ್ನಿಗೆ ಅವರು ಮೆಟ್ಟಿಲು ಹತ್ತಿ ಕಲಾಳ ಕೈ ಹಿಡಿದುಕೊಂಡರು.

“ಅಂಥ ಗಂಡನ್ನ ಪಡೆಯೋಕೆ ಪುಣ್ಯ ಮಾಡಿದ್ದೀಯ ಕಣೇ. ನಿಂಗೆ ಹೇಳ್ದೇನೇ ಎಲ್ಲಾ ಏರ್ಪಾಡು ಮಾಡಿದಾನೆ. ಕೆಂಗೇರಿಯಿಂದ ಭಾನುವಾರ ಕರ್ಕೊಂಡು ಬರ್ತಾನಂತೆ. ಪಾಪ, ಶೆಡ್ಡಲ್ಲಿ ಮಲಗಿಸಿದಾರಂತಲ್ಲ ಆ ವಯಸ್ಸಾದ ಜೀವಾನ.”

ಕಲಾ ಅವರನ್ನು ಒಳಗೆ ಕರೆದು ಕೂರಿಸಿದಳು. ಕೆಂಗೇರಿ, ಶೆಡ್ಡು, ವಯಸ್ಸಾದ ಜೀವ ಎಂದರೆ ಅವಳಿಗೆ ಒಬ್ಬರೇ. ಹೊನ್ನವ್ವ, ಅವಳ ಸೋದರತ್ತೆ. ತಾಯಿ ತೀರಿಕೊಂಡಾಗ ಹಾಲು ಬಿಡದ ಕೂಸಾಗಿದ್ದ ಕಲಾಳನ್ನು ಎತ್ತಿಕೊಂಡು ಸಾಕಿದವರು. ಮಕ್ಕಳಿಲ್ಲ, ಗಂಡ ಹೋಗಿ ಬಹಳ ಕಾಲವಾಗಿತ್ತು. ಅಣ್ಣತಮ್ಮಂದಿರ ಮಕ್ಕಳ ಮನೆಗಳಲ್ಲಿ ಪಾಳಿಯ ಮೇಲೆ ಇರುತ್ತಿದ್ದರು. ಈಗ ಕೆಂಗೇರಿಯ ಭೈರೇಶನ ಪಾಳಿ. ಭೈರೇಶ ಕೆಟ್ಟವನಲ್ಲ. ಹೊಲವಿದ್ದ ಜಾಗದಲ್ಲಿ ಪಿ.ಜಿ. ಕಟ್ಟಿಸುವ ಭರದಲ್ಲಿ ಅತ್ತೆಯನ್ನು ಜನರೇಟರ್ ಶೆಡ್ಡಿನ ಪಕ್ಕದ ಕೋಣೆಗೆ ಸರಿಸಿದ್ದ, ಆಮೇಲೆ ಮರೆತಿದ್ದ. ಅವರನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆಯನ್ನು ಕಲಾ ಗಂಡನ ಮುಂದೆ ಒಮ್ಮೆಯೂ ಆಡಿರಲಿಲ್ಲ. ತಾನು ಆಡದ ಮಾತು ಅವನಿಗೆ ಕೇಳಿಸಿದೆ.

ಮರುದಿನ ಬೆಳಿಗ್ಗೆ ರಾಜೇಂದ್ರನ ತಟ್ಟೆಗೆ ಕೇಸರಿಬಾತು ಬಿತ್ತು. ಹಬ್ಬವಲ್ಲ, ಹುಟ್ಟಿದ ದಿನವಲ್ಲ. ಅವನು ತಲೆಯೆತ್ತಿದರೆ ಕಲಾಳ ಕಣ್ಣು ತುಂಬಿತ್ತು.

“ಕೆಂಗೇರಿ ವಿಷಯ ಪಟಾಲಮ್ಮ ಹೇಳಿದ್ರು.”

ಗುಟ್ಟು ಬಯಲಾಯಿತೆಂದು ರಾಜೇಂದ್ರ ತಟ್ಟೆ ಕೆಳಗಿಟ್ಟ. “ನಾನೇ ಹೇಳೋಣ ಅಂತಿದ್ದೆ ಕಣೇ. ನೀನೆಲ್ಲಿ ಬೇಡ ಅಂತೀಯೋ ಅಂತ...”

“ಬೇಡ ಅಂತೀನಾ. ಎಷ್ಟು ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದೀನಿ. ಕೇಳೋಕೆ ಧೈರ್ಯ ಬಂದಿರ್ಲಿಲ್ಲ.”

“ನಿಂಗೂ ಇಷ್ಟಾನಾ?”

“ಇದೇನು ಹೀಗೆ ಕೇಳ್ತೀರ. ಆ ಕೈಯಲ್ಲೇ ಅಲ್ವಾ ನಾನು ಬೆಳೆದಿದ್ದು.”

ಮಾವನವರು ರೇಷ್ಮೆ ಇಲಾಖೆಯಲ್ಲಿದ್ದರು, ಅವರ ಮನೆಯಲ್ಲಿ ಗರಗಸವಿದ್ದ ನೆನಪು ರಾಜೇಂದ್ರನಿಗಿರಲಿಲ್ಲ. ಆದರೂ ತಲೆ ಆಡಿತು.

“ಎಲ್ಲಿ ಇಡೋದು ಅನ್ನೋದೇ ಯೋಚನೆ,” ಅಂದ. “ತಾರಸಿ ಮೇಲೆ ಟ್ಯಾಂಕ್ ಹಿಂದೆ...”

“ತಾರಸಿ ಮೇಲಾ?” ಕಲಾಗೆ ಗಂಡನ ಸಂಕೋಚ ನೋಡಿ ಇನ್ನೂ ಕರುಳು ಕರಗಿತು. “ನನಗೆ ತೊಂದರೆ ಆಗುತ್ತೆ ಅಂತ ತಾನೆ? ಮಗಳ ರೂಮು ಖಾಲಿ ಇದೆಯಲ್ರೀ. ಅಲ್ಲೇ ಇರ್ಲಿ. ಬಂದೋರಿಗೆ ಕಂಡ್ರೆ ಕಾಣ್ಲಿ, ನಮಗೇನು ನಾಚಿಕೆ.”

ಹೆಂಡತಿಯೆಂದರೆ ಹೀಗಿರಬೇಕು ಎಂದುಕೊಂಡ ರಾಜೇಂದ್ರ. ಹಳೆಯ ಗರಗಸಕ್ಕೆ ಒಂದು ಪೂರ್ತಿ ಕೋಣೆ ಬಿಟ್ಟುಕೊಟ್ಟ ಹೆಂಗಸು ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬಳಿರಲಾರಳು. ಅವನು ಆಫೀಸಿಗೆ ಹೋದ ಮೇಲೆ ಕಲಾ ಭೈರೇಶನಿಗೆ ಫೋನ್ ಮಾಡಿ, “ಭಾನುವಾರ ಇವರು ಬರ್ತಾರೆ, ಅತ್ತೆನ ರೆಡಿ ಮಾಡಿಸು,” ಎಂದಳು.

ಅಷ್ಟರಲ್ಲಿ ಪಟಾಲಮ್ಮನವರ ಬಾಯಿಂದ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಮನುಷ್ಯನ ಕೀರ್ತಿ ಒಂದು ವಾರದಲ್ಲಿ ಎಷ್ಟು ಬೆಳೆಯಬಹುದೋ ಅಷ್ಟೂ ಬೆಳೆಯಿತು. ಹಾಲಿನ ಬೂತಿನವನು ಎದ್ದು ನಿಂತು ಹಾಲು ಕೊಟ್ಟ. ಇಸ್ತ್ರಿ ಅಂಗಡಿಯಾಕೆ “ನಿಮ್ಮಂಥೋರು ಇರೋದಕ್ಕೇ ಮಳೆ ಬೆಳೆ ಆಗೋದು ಅಣ್ಣ,” ಅಂದಳು. ರಾಜೇಂದ್ರನಿಗೆ ಮೊದಮೊದಲು ಸ್ವಲ್ಪ ಅತಿಯೆನಿಸಿತು. ಆಮೇಲೆ, ಹಳೆಯ ಕೈಕೆಲಸದ ಬಗ್ಗೆ ನಮ್ಮ ಜನಕ್ಕೆ ಇಷ್ಟೊಂದು ಗೌರವ ಇದೆಯೆಂದು ತಿಳಿದಿರಲೇ ಇಲ್ಲವಲ್ಲ ಎಂದು ಮನಸ್ಸು ತುಂಬಿಬಂತು.

ಶುಕ್ರವಾರ ಸಂಜೆ ಬಡಾವಣೆಯ ಸಂಘದ ಅಧ್ಯಕ್ಷ ರಾಮಯ್ಯನವರು ಅವನನ್ನು ಮನೆಗೆ ಕರೆಸಿಕೊಂಡರು. ಸೋಫಾದಲ್ಲಿ ಒಬ್ಬ ನೀಟಾದ ಅಧಿಕಾರಿ ಕೂತಿದ್ದ.

“ಇವರು ಶ್ರೀಶ ಅಂತ, ಸರ್ಕಾರದ ಕಡೆಯೋರು,” ಅಂದರು ರಾಮಯ್ಯ. “ಕೆಂಗೇರಿಯಿಂದ ನೀವು ತರ್ತಿರೋ ವಿಷಯ ಹೇಳ್ದೆ. ನಿಮಗೊಂದು ಪ್ರಶಂಸಾಪತ್ರ ಕೊಡಿಸ್ತಾರಂತೆ. ಮಾತಾಡ್ತಿರಿ, ಕಾಫಿ ತರ್ತೀನಿ.” ಅವರು ಒಳಗೆ ಹೋದರು.

“ನಿಮ್ಮಂಥೋರು ಅಪರೂಪ ಸಾರ್,” ಎಂದು ಶ್ರೀಶ ಪೆನ್ನು ತೆಗೆದ. “ವಯಸ್ಸೆಷ್ಟು?”

“ನೂರು ದಾಟಿರಬಹುದು. ತೊಳೆದ ಮೇಲೇ ಖಚಿತವಾಗಿ ಗೊತ್ತಾಗೋದು.”

“ತೊಳೆದ ಮೇಲಾ?”

“ಮೈಮೇಲೆ ಅಕ್ಷರ ಇರುತ್ತೆ ನೋಡಿ. ಕೊಳೆ ಹೋದ್ರೆ ಕಾಣುತ್ತೆ.”

“ಓ, ಹಚ್ಚೆ,” ಎಂದು ಶ್ರೀಶ ಬರೆದುಕೊಂಡ. “ಮೂಲ ಊರು?”

“ಇಂಗ್ಲೆಂಡ್ ಇರ್ಬೇಕು.”

ಶ್ರೀಶನ ಹುಬ್ಬು ಮೇಲೇರಿತು. ಕೆಂಗೇರಿಯ ಶೆಡ್ಡಿನಲ್ಲಿ ಇಂಗ್ಲೆಂಡಿನ ಅಜ್ಜಿ. ಪ್ರಶಂಸಾಪತ್ರ ಜಿಲ್ಲಾ ಮಟ್ಟದಿಂದ ರಾಜ್ಯ ಮಟ್ಟಕ್ಕೆ ಏರಿತು. “ಆರೈಕೆ ಹೇಗೆ ಮಾಡ್ತೀರ?”

ಇಂಥ ಪ್ರಶ್ನೆಗಾಗಿಯೇ ಕಾದಿದ್ದ ರಾಜೇಂದ್ರ ಸೋಫಾದ ಅಂಚಿಗೆ ಸರಿದು ಕೂತ. “ಮೊದಲು ಹುಣಸೇಹುಳಿ ನೀರಲ್ಲಿ ರಾತ್ರಿಯೆಲ್ಲ ಮುಳುಗಿಸಿ ಇಡ್ತೀನಿ.”

“ಮುಳುಗಿಸಿ?”

“ಪೂರ್ತಿ ಮುಳುಗ್ಬೇಕು, ಇಲ್ದಿದ್ರೆ ಪಟ್ಟೆ ಪಟ್ಟೆ ಆಗುತ್ತೆ. ಬೆಳಿಗ್ಗೆ ಎತ್ತಿ ಮರಳು ಕಾಗದದಲ್ಲಿ ಉಜ್ಜೋದು. ಆಮೇಲೆ ಹಲ್ಲು. ಹಲ್ಲು ನಾನೇ ಅರ ಹಾಕ್ತೀನಿ.”

ಪೆನ್ನು ನಿಂತಿತು. “ಅರ ಅಂದ್ರೆ... ಉಕ್ಕಿನ ಅರ?”

“ಮೂರು ಮೂಲೆ ಅರ. ಎರಡು ಹಲಗೆ ಮಧ್ಯೆ ಅಲ್ಲಾಡದ ಹಾಗೆ ಬಿಗಿದು, ಒಂದೊಂದೇ ಹಲ್ಲು. ಚೂಪಾಗ್ಬೇಕಲ್ಲ.”

“ಅರಚಲ್ವಾ ಸಾರ್?” ಶ್ರೀಶನ ದನಿ ಕ್ಷೀಣವಾಗಿತ್ತು.

“ಸಿಕ್ಕಾಪಟ್ಟೆ ಅರಚುತ್ತೆ. ನಾನು ಕಿವಿಗೆ ಹತ್ತಿ ಇಟ್ಕೋತೀನಿ. ಕೊನೇಲಿ ತುದಿ ಹಿಡಿದು ಪೂರ್ತಿ ಬಗ್ಗಿಸಿ ಬಿಡೋದು. ಒಳ್ಳೇ ಜಾತಿದಾದ್ರೆ ಚಿಮ್ಮಿ ನೆಟ್ಟಗೆ ನಿಂತ್ಕೊಳುತ್ತೆ.”

“ನಿಂತ್ಕೊಳ್ದೇ ಇದ್ರೆ?”

“ಗುಜರಿಗೆ ಹಾಕೋದು,” ಅಂದ ರಾಜೇಂದ್ರ, ವಿಷಾದದಿಂದ. “ಏನ್ಮಾಡೋದು ಸಾರ್, ಎಲ್ಲವನ್ನೂ ಉಳಿಸೋಕಾಗಲ್ಲ.”

ರಾಮಯ್ಯನವರು ಕಾಫಿ ತಂದಾಗ ಶ್ರೀಶ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಕಾಫಿ ಬೇಡ, ಅರ್ಜೆಂಟು ಕೆಲಸವಿದೆ, ಭಾನುವಾರ ಖಂಡಿತ ಬರುತ್ತೇನೆ ಎಂದ. “ಬಹಳ ಭಾವುಕ ಮನುಷ್ಯ,” ಎಂದು ರಾಜೇಂದ್ರ ಎರಡೂ ಲೋಟ ಕಾಫಿ ಕುಡಿದ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಕಲಾ ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು ಅವನು ಕೆಂಗೇರಿಗೆ ಹೊರಟ. ಗುರುಸಿದ್ದಯ್ಯನವರ ಡಿಪೋ ಭೈರೇಶನ ಬೀದಿ ದಾಟಿ ಮುಂದಿತ್ತು. ಒಳಗೆ ಹೋಗಿ ಮುಖ ತೋರಿಸಬೇಕಿತ್ತು, ಆದರೆ ಹೋದರೆ ತಿಂಡಿಗೆ ಕೂರಿಸುತ್ತಾರೆ, ತಡವಾಗುತ್ತದೆ ಎಂದು ತಲೆತಗ್ಗಿಸಿ ಬೇಗ ಬೇಗ ನಡೆದ. ಗುರುಸಿದ್ದಯ್ಯನವರು ಗರಗಸವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. “ನಮ್ಮಪ್ಪ ಹಿಡೀತಿದ್ದಿದ್ದು. ಕರಗಿಸೋಕೆ ಹಾಕೋಕೆ ಮನಸ್ಸಾಗಿರ್ಲಿಲ್ಲ. ನೀವು ಬಂದಿದ್ದು ಒಳ್ಳೇದಾಯ್ತು ಕಣ್ರೀ,” ಅಂದರು. ಮೆಟ್ರೋದಲ್ಲಿ ಗರಗಸ ಬಿಡುವುದಿಲ್ಲವೆಂದು ಸುಘೋಷ್ ಎಚ್ಚರಿಸಿದ್ದನಾದ್ದರಿಂದ ಅದನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಆಟೋದಲ್ಲಿ ಬಂದ.

ಮನೆಯ ಮುಂದೆ ಅರ್ಧ ಬೀದಿ ನೆರೆದಿತ್ತು. ಗೇಟಿಗೆ ಮಾವಿನೆಲೆ ತೋರಣ. ಪಟಾಲಮ್ಮನವರ ಕೈಯಲ್ಲಿ ಆರತಿ ತಟ್ಟೆ, ರಾಮಯ್ಯನವರ ಕೈಯಲ್ಲಿ ಶಾಲು. ಸ್ವಲ್ಪ ದೂರದಲ್ಲಿ ಶ್ರೀಶ, ಅವನ ಪಕ್ಕ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಬಾಗಿಲ ಬಳಿ ರೇಷ್ಮೆ ಸೀರೆಯಲ್ಲಿ ಕಲಾ. ಒಂದು ಗರಗಸಕ್ಕೆ ಪೊಲೀಸ್ ಬಂದೋಬಸ್ತೂ ಇರಬಹುದೆಂದು ರಾಜೇಂದ್ರ ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಆಟೋ ಇಳಿದ.

ಪಟಾಲಮ್ಮನವರು ಬಗ್ಗಿ ಆಟೋದೊಳಗೆ ನೋಡಿದರು. ಮತ್ತೆ ಬಗ್ಗಿ ಸೀಟಿನ ಕೆಳಗೂ ನೋಡಿದರು. “ಎಲ್ಲಪ್ಪಾ?”

“ಇಲ್ಲೇ ಇದೆ,” ಎಂದು ರಾಜೇಂದ್ರ ದುಪ್ಪಟಿ ಬಿಚ್ಚಿ, ಎಲ್ಲರಿಗೂ ಕಾಣಲೆಂದು ಗರಗಸವನ್ನು ತಲೆಯ ಮೇಲೆತ್ತಿ ಹಿಡಿದ.

ಬೀದಿ ಒಂದು ಹೆಜ್ಜೆ ಹಿಂದೆ ಸರಿಯಿತು.

“ಸಾರ್,” ಅಂದ ಕಾನ್‌ಸ್ಟೇಬಲ್ ಬಹಳ ಮೃದುವಾಗಿ, “ಮೊದಲು ಅದನ್ನ ಕೆಳಗಿಡಿ.”

“ಅಜ್ಜಿ ಎಲ್ಲಿ?” ಶ್ರೀಶ ಕೇಳಿದ.

“ಯಾವ ಅಜ್ಜಿ?”

“ಹಲ್ಲಿಗೆ ಅರ ಹಾಕ್ತೀನಿ ಅಂದ್ರಲ್ಲ, ಆ ಅಜ್ಜಿ.”

ಪಟಾಲಮ್ಮನವರ ಕೈಯ ಆರತಿ ತಟ್ಟೆ ಓರೆಯಾಗಿ ಕುಂಕುಮದ ನೀರು ಗರಗಸದ ಮೇಲೆಯೇ ಚೆಲ್ಲಿತು. ಅದು ಕೆಂಪಗೆ ತೊಟ್ಟಿಕ್ಕತೊಡಗಿದ ಮೇಲೆ ಸನ್ನಿವೇಶ ಇನ್ನೂ ಬಿಗಡಾಯಿಸಿತು. ಅದೇ ಗಳಿಗೆಗೆ ರಾಜೇಂದ್ರನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕಾನ್‌ಸ್ಟೇಬಲ್ ಅದನ್ನು ತೆಗೆದು ಸ್ಪೀಕರಿಗೆ ಹಾಕಿದ. ಸುಘೋಷನಿಗೆ ಹಲೋ ಹೇಳುವ ಅಭ್ಯಾಸವಿರಲಿಲ್ಲ.

“ತಂದ್ರಾ ಸಾರ್? ತಡ ಮಾಡ್ಬೇಡಿ. ಮೊದಲು ಕೈ ಬಿಚ್ಚಿ ತೆಗೆದುಬಿಡಿ. ಮೈನ ಬೇರೆ ಇಟ್ಟು ಸೀಮೆಎಣ್ಣೆ ಹಾಕಿ. ಕೈನ ಬಿಸಿಲಲ್ಲಿ ಒಣಗಿಸಿ.”

“ಯಾರಪ್ಪಾ ನೀನು,” ಎಂದ ಕಾನ್‌ಸ್ಟೇಬಲ್. ಸುಘೋಷ್ ಬ್ಯಾಂಕಿನವನು. ಖಾಕಿಯ ದನಿ ಕೇಳಿದ ಕೂಡಲೇ ತನ್ನ ಹೆಸರು, ಶಾಖೆ, ಗರಗಸದ ಜಾತಿ, ಕುಲ, ಹಿಡಿಯ ಮೇಲಿನ ಹಿತ್ತಾಳೆ ಬಿಲ್ಲೆಯ ವಿವರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಗರಗಸ, ಗರಗಸ, ಗರಗಸ ಎಂದು ಫೋನು ಹೇಳುತ್ತ ಹೋದಂತೆ ಒಬ್ಬೊಬ್ಬರ ಮುಖವೂ ಒಂದೊಂದು ಬಗೆಯಾಯಿತು. ಕಾನ್‌ಸ್ಟೇಬಲ್ ಟೋಪಿ ತೆಗೆದು ಬೆವರೊರೆಸಿಕೊಂಡ. ಶ್ರೀಶ ತಾನು ಬರೆದುಕೊಂಡ ಹಾಳೆಯನ್ನು ಮಡಚಿ ಮಡಚಿ ಬಹಳ ಚಿಕ್ಕದು ಮಾಡಿ ಜೇಬಿಗಿಟ್ಟ. ಯಾರೋ ನಗಲು ಶುರುಮಾಡಿದರು, ಕಲಾಳನ್ನು ನೋಡಿ ನಿಲ್ಲಿಸಿದರು.

ಕಲಾ ನಿಧಾನವಾಗಿ ಕೇಳಿದಳು. “ಅತ್ತೆನ ಕರ್ಕೊಂಡು ಬರೋಕೆ ಹೋಗಿರ್ಲಿಲ್ವಾ ನೀವು?”

ಆಗ ರಾಜೇಂದ್ರನಿಗೆ ಕೇಸರಿಬಾತು ನೆನಪಾಯಿತು. ಆ ಕೈಯಲ್ಲೇ ಬೆಳೆದಿದ್ದು ಎಂದದ್ದು ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಅವನ ತಲೆ ಆಡಲಿಲ್ಲ.

“ನಂಗೆ ಗೊತ್ತಿರ್ಲಿಲ್ಲ ಕಲಾ,” ಅಂದ.

ಅವಳು ತಿರುಗಿದಳು. ಒಳಗೆ ಹೋದಳು. ಹಿಂದೆಯೇ ಹೋದ ರಾಜೇಂದ್ರ ಮಗಳ ಕೋಣೆಯ ಬಾಗಿಲಲ್ಲಿ ನಿಂತ. ಹೊಸ ಹೊದಿಕೆ, ಮಣೆಯ ಮೇಲೆ ನೀರಿನ ತಂಬಿಗೆ, ಗೂಟದಲ್ಲಿ ಎರಡು ಹತ್ತಿ ಸೀರೆ, ಹಾಸಿಗೆಯ ಪಕ್ಕ ಎಲೆ ಅಡಕೆಯ ಪುಟ್ಟ ಕುಟ್ಟಾಣಿ. ಕಲಾ ಆ ಹೊದಿಕೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದಳು.

“ಮಡಚಬೇಡ,” ಅಂದ ರಾಜೇಂದ್ರ. “ಒಂದು ಗಂಟೆ ಹಾಗೇ ಇರ್ಲಿ.”

ಅವನು ಮೆಟ್ಟಿಲಿಳಿದು ಬಂದಾಗ ಬೀದಿಯ ಜನ ಇನ್ನೂ ಚದುರಿರಲಿಲ್ಲ. ಅದೇ ಆಟೋ ನಿಂತಿತ್ತು. ಏನಾಗುತ್ತದೆಂದು ತಿಳಿಯದೆ ಹೋಗಲು ಚಾಲಕನಿಗೂ ಮನಸ್ಸಿರಲಿಲ್ಲ. “ಕೆಂಗೇರಿ,” ಎಂದು ರಾಜೇಂದ್ರ ಹತ್ತಿ ಕೂತ. ಗಾಳಿ ಆಂಜನೇಯನ ದೇವಸ್ಥಾನ ದಾಟಿದ ಮೇಲೆ ನೋಡಿಕೊಂಡರೆ, ಗೇಟಿನ ಬಳಿ ಕೆಳಗಿಟ್ಟಿದ್ದ ಗರಗಸ ಯಾವಾಗಲೋ ಮತ್ತೆ ಕಂಕುಳಿಗೆ ಬಂದಿತ್ತು.

ಭೈರೇಶನ ಮನೆಯ ಗೇಟಿನ ಒಳಗೆ, ಸಿಮೆಂಟು ಚೀಲಗಳ ಪಕ್ಕ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊನ್ನವ್ವ ಕೂತಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆಯುಟ್ಟು, ಕಾಲ ಬಳಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದರು. ಬೆಳಗಿನಿಂದ ಹಾಗೇ ಕೂತಿದ್ದಾರೆ, ತಿಂಡಿಗೂ ಏಳಲಿಲ್ಲ ಎಂದು ಭೈರೇಶ ಹೇಳಿದ. ಹೇಳುವಾಗ ಅವನು ರಾಜೇಂದ್ರನ ಮುಖ ನೋಡಲಿಲ್ಲ. “ಭಾವ, ಕೆಲಸ ಮುಗಿದ ಮೇಲೆ ಅತ್ತೆಗೆ ಅಂತಾನೇ ಒಂದು ಒಳ್ಳೇ ರೂಮು ಮಾಡ್ಬೇಕು ಅಂತಿದ್ದೆ,” ಎಂದು ಶುರುಮಾಡಿ, ನಿಲ್ಲಿಸಿ, ಚೀಲವನ್ನು ಆಟೋಗೆ ಇಡಲು ಹೋದ.

“ಬಂದ್ರಾ ಅಳಿಯಂದ್ರೆ,” ಅಂದರು ಹೊನ್ನವ್ವ. “ಬೆಳಿಗ್ಗೆ ಈ ಬೀದೀಲಿ ಬಿರಬಿರ ಹೋಗಿದ್ದು ನೋಡ್ದೆ. ಆಟೋ ಹುಡುಕೋಕೆ ಹೋದ್ರೇನೋ ಅಂದ್ಕೊಂಡೆ. ಈಗಿನ ಕಾಲದಲ್ಲಿ ಆಟೋ ಸಿಗೋದು ಬಲು ಕಷ್ಟ ಅಂತಾರೆ.”

ಇಲ್ಲಿ ತಲೆಯಾಡಿಸಿಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ರಾಜೇಂದ್ರ ಅವರ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅತ್ತೆ, ನಿಜ ಹೇಳ್ಬೇಕು. ಬೆಳಿಗ್ಗೆ ನಾನು ಬಂದಿದ್ದು ನಿಮಗೋಸ್ಕರ ಅಲ್ಲ. ಈ ಗರಗಸಕ್ಕೆ ಬಂದಿದ್ದೆ. ಕಲಾ ತಪ್ಪು ತಿಳ್ಕೊಂಡ್ಲು. ನಾನೂ ತಪ್ಪು ತಿಳ್ಕೊಂಡೆ.”

ಹೊನ್ನವ್ವ ಗರಗಸವನ್ನು ನೋಡಿದರು. ಅದರ ಮೇಲಿನ ಕುಂಕುಮವನ್ನೂ ನೋಡಿದರು. “ಗರಗಸ ಸಿಕ್ತಲ್ಲ?”

“ಸಿಕ್ತು.”

“ಮನೆಗೆ ತಗೊಂಡು ಹೋದ್ರಿ?”

“ಹೋದೆ.”

“ಮತ್ತೆ ಈಗ ಯಾಕೆ ಬಂದ್ರಿ?”

“ನಿಮ್ಮನ್ನ ಕರ್ಕೊಂಡು ಹೋಗೋಕೆ.”

“ಅಷ್ಟೇ ತಾನೆ,” ಎಂದು ಹೊನ್ನವ್ವ ಅವನ ಹೆಗಲ ಮೇಲೆ ಕೈಯೂರಿ ಎದ್ದರು. “ನಡೀರಿ. ಮಗು ಕಾಯ್ತಿರ್ತಾಳೆ.”

ಆ ಹೊತ್ತಿನಲ್ಲಿ ರಾಜೇಂದ್ರನಿಗಾದ ಕೃತಜ್ಞತೆಯನ್ನು ಅಳೆಯುವ ಸಾಧನ ಇನ್ನೂ ಹುಟ್ಟಿಲ್ಲ. ಮೈಸೂರು ರಸ್ತೆಯ ಉದ್ದಕ್ಕೂ ಅವನು ಒಂದು ಕೈಯಲ್ಲಿ ಗರಗಸ, ಇನ್ನೊಂದು ಕೈಯಲ್ಲಿ ಹೊನ್ನವ್ವನ ಮೊಣಕೈ ಹಿಡಿದುಕೊಂಡು ಕೂತಿದ್ದ. ರಸ್ತೆಯ ಪ್ರತಿ ಉಬ್ಬಿಗೂ ಚಾಲಕನಿಗೆ “ನಿಧಾನ ಗುರು, ಹಳೇ ಜೀವ ಇದೆ,” ಅನ್ನುತ್ತಿದ್ದ. ಯಾವುದನ್ನು ಕುರಿತು ಹೇಳುತ್ತಿದ್ದಾನೆಂದು ಚಾಲಕ ಕೇಳಲಿಲ್ಲ.

ಬೀದಿ ಕಾದಿತ್ತು. ಪಟಾಲಮ್ಮನವರು ಹೊಸದಾಗಿ ಕುಂಕುಮ ಕಲಸಿ ತಂದಿದ್ದರು. ರಾಮಯ್ಯನವರ ಶಾಲು ಹೊನ್ನವ್ವನ ಹೆಗಲೇರಿತು. ಶ್ರೀಶ ಬಂದು ಕಾಲು ಮುಟ್ಟಿ ನಮಸ್ಕರಿಸಿ, ಹಲ್ಲು ನೆಟ್ಟಗಿವೆಯೇ ಎಂಬುದನ್ನು ಮಾತ್ರ ಒಮ್ಮೆ ಕಣ್ಣಲ್ಲೇ ಖಚಿತ ಮಾಡಿಕೊಂಡ. ಕಲಾ ಮೆಟ್ಟಿಲ ಮೇಲಿಂದ ಓಡಿ ಬಂದು ಅತ್ತೆಯನ್ನು ಅಪ್ಪಿಕೊಂಡಳು. ಅವರ ಹೆಗಲ ಮೇಲಿಂದ ಗಂಡನನ್ನು ನೋಡಿದಳು. ಆ ನೋಟದಲ್ಲಿ ಬೈಗುಳವೂ ಇತ್ತು, ಅದು ಆಮೇಲೆ ಬಂತು, ಧಾರಾಳವಾಗಿಯೇ ಬಂತು.

ಮುಂದಿನ ವಾರ ಭೈರೇಶ ಒಂದು ಲಗೇಜ್ ಆಟೋದಲ್ಲಿ ಹೊನ್ನವ್ವನ ಮದುವೆಯ ಕಾಲದ ಮಂಚವನ್ನು ಕಳಿಸಿದ. ಕಡೆದ ಕಾಲುಗಳ ತೇಗದ ಮಂಚ. ಅದು ಎಷ್ಟು ಎತ್ತರವೆಂದರೆ ಹತ್ತಲು ಹೊನ್ನವ್ವ ಸ್ಟೂಲು ಹುಡುಕಬೇಕಾಗುತ್ತಿತ್ತು, ಇಳಿಯಲು ಎತ್ತಿನ ಗಾಡಿಯಿಂದ ಜಾರಿದಂತೆ ಜಾರಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಕಲಾ ಒಳಗೆ ಹೋದಾಗ ಅವರು ಅಂಚಿನಲ್ಲಿ ಕೂತು ಎಲೆ ಅಡಕೆ ಕುಟ್ಟುತ್ತಿದ್ದರು. ಪಾದಗಳೆರಡೂ ಗಾಳಿಯಲ್ಲಿ ತೂಗಾಡುತ್ತಿದ್ದವು. ಸಂಜೆ ಅವಳು ಅದನ್ನು ಗಂಡನಿಗೆ ಹೇಳಿದಳು.

ಅಷ್ಟರಲ್ಲಿ ಕೆಂಗೇರಿಯ ಗರಗಸ ತೊಳೆಸಿಕೊಂಡು, ಉಜ್ಜಿಸಿಕೊಂಡು, ಹಿಡಿಗೆ ಅಗಸೆ ಎಣ್ಣೆ ಹಚ್ಚಿಸಿಕೊಂಡು, ಸುಘೋಷನ ಸಮ್ಮುಖದಲ್ಲಿ ಹಲ್ಲು ಕಟ್ಟಿಸಿಕೊಂಡು ಸಿದ್ಧವಾಗಿತ್ತು. ಕೊಯ್ಯಲು ಮಾತ್ರ ರಾಜೇಂದ್ರನ ಮನೆಯಲ್ಲಿ ಏನೂ ಇರಲಿಲ್ಲ. ಅವನು ಮಂಚದ ಮುಂದೆ ನಿಂತು, “ಅತ್ತೆ, ನಿಮ್ಮ ಮದುವೆ ಮಂಚ,” ಎಂದು ತೊದಲಿದ.

“ಕೊಯ್ಯಿ,” ಅಂದರು ಹೊನ್ನವ್ವ. “ಅದರ ಮೇಲೆ ಕೂತಾಗೆಲ್ಲ ಯಾರ ಮನೆಗೋ ನೆಂಟತಿಯಾಗಿ ಬಂದ ಹಾಗಿರುತ್ತೆ.”

ಶತಮಾನದ ಉಕ್ಕು ತೇಗದೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಹೊಸದಾಗಿ ಕೊಯ್ದ ತೇಗದ ವಾಸನೆ ಮನೆಯೆಲ್ಲ ತುಂಬಿತು. ಗರಗಸದ ತಪ್ಪು ಎಳ್ಳಷ್ಟೂ ಇರಲಿಲ್ಲ, ತಪ್ಪೆಲ್ಲ ಅಳತೆಯದು. ನಾಲ್ಕೂ ಕಾಲು ಕೊಯ್ದು ಮಂಚವನ್ನು ನಿಲ್ಲಿಸಿದರೆ ಬಾಗಿಲ ಕಡೆ ವಾಲಿತು. ಬಾಗಿಲ ಕಡೆಯದನ್ನು ಬಿಟ್ಟು ಉಳಿದವನ್ನು ತುಸು ಕೊಯ್ದ. ಕಿಟಕಿಯ ಕಡೆ ವಾಲಿತು. ಮತ್ತೆ ಕೊಯ್ದ. ಪಟಾಲಮ್ಮನವರು ಬಂದು ನೋಡಿ, ಒಂದು ಕಾಲಿಗೆ ಕಾಗದ ಮಡಚಿಡಪ್ಪ ಎಂದು ಸಲಹೆ ಕೊಟ್ಟರು. ಅವನು ಕೇಳಲಿಲ್ಲ. ಮರದ ಪುಡಿಯಲ್ಲಿ ಮೊಣಕಾಲೂರಿ, ಹುಬ್ಬಿನವರೆಗೂ ಬೆಳ್ಳಗಾಗಿ, “ಇನ್ನೊಂದೇ ಚೂರು” ಎಂದು ಮತ್ತೆ ಗರಗಸ ಇಟ್ಟಾಗ ಕಲಾ ಅವನ ಕೈ ಹಿಡಿದುಕೊಂಡಳು.

“ಸಾಕು ಬಿಡ್ರೀ. ಇನ್ನು ಕೊಯ್ದ್ರೆ ಚಾಪೆ ಆಗುತ್ತೆ.”

ಹೊನ್ನವ್ವ ಬಂದು ಕೂತರು. ಮಂಚ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಅಲ್ಲಾಡಿ, ಯೋಚಿಸಿ, ನಿಂತಿತು. ಅವರು ಬಗ್ಗಿ ತಮ್ಮ ಪಾದಗಳನ್ನು ನೋಡಿಕೊಂಡರು. ಒಂದನ್ನು ಎತ್ತಿ ಮತ್ತೆ ಇಟ್ಟರು, ಇನ್ನೊಂದನ್ನೂ ಇಟ್ಟರು. ಮರದ ಪುಡಿಯ ಮೇಲೆ ಎರಡೂ ಅಂಗಾಲು ಪೂರ್ತಿ ಊರಿದವು.

“ನೆಲ ತಾಗ್ತು ಕಣಪ್ಪಾ,” ಅಂದರು. ಅಲ್ಲೇ ಕೂತು ಕುಟ್ಟಾಣಿಯನ್ನು ಮಡಿಲಿಗೆ ಎಳೆದುಕೊಂಡರು.